ಕೀಲಿ ಇನ್ನೊಂದು ಮನೆಯಲ್ಲಿ

ಇನ್ನೂರ ಹನ್ನೆರಡು ಪುಟ, ಮೇಲೊಂದು ಛಾಪಾ ಕಾಗದ,
ಹೆಸರು ಮಾತ್ರ ವಿಶ್ವಾಸದ ಕರಾರು.
"ವಿಶ್ವಾಸ ಇದ್ದಿದ್ದರೆ ಒಂದು ವೀಳ್ಯದಲ್ಲಿ ಮುಗಿಯುತ್ತಿತ್ತು"
ಎಂದು ನಕ್ಕರು ಢಮಢೇರೆ, ಪಾಲಿಕೆಯ ಉಪಲೆಕ್ಕಾಧಿಕಾರಿ,
ಪುಟಪುಟದ ಬುಡಕ್ಕೂ ಸಹಿ ಗೀಚುತ್ತ.
ಶಿವಾಜಿನಗರದ ಆ ಕೋಣೆಯಲ್ಲಿ ಚಹಾ ಆರಿ ಕೆನೆಗಟ್ಟಿತ್ತು.
ಶಿಕ್ಕೆಯ ನೇರಳೆ ನನ್ನ ಹೆಬ್ಬೆರಳಿಗೂ ಹತ್ತಿತ್ತು.

ನಾನು ಟ್ರಸ್ಟಿ.
ಸಾಲ ಕೊಟ್ಟವಳಲ್ಲ, ತಂದವಳೂ ಅಲ್ಲ,
ನಡುವೆ ಕೂತ ಮೂರನೆಯವಳು.
ಬಾಂಡು ಕೊಂಡವರ ಮುಖ ನಾನು ಕಂಡಿಲ್ಲ:
ಯಾವುದೋ ಪಿಂಚಣಿ ನಿಧಿ, ಯಾವುದೋ ವಿಮೆ,
ನಾಗಪುರದಲ್ಲೋ ನಾಸಿಕದಲ್ಲೋ ಮೊಣಕಾಲಿಗೆ ಎಣ್ಣೆ ತಿಕ್ಕುವ ಯಾರೋ.
ಅವರೆಲ್ಲರ ಪರವಾಗಿ ನನ್ನದೊಂದು ಸಹಿ.

ಗುಡ್ಡದ ಹಿಂದಿನ ವಸ್ತಿಗೆ ನೀರು ಹತ್ತಿಸಬೇಕು, ಅದಕ್ಕೆ ಸಾಲ.
ಅಡವು ಏನು? ಟಾಕಿಯಲ್ಲ, ಪೈಪಲ್ಲ,
ಮಣ್ಣಲ್ಲಿ ಹೂತ ಪೈಪನ್ನು ಯಾರು ಜಪ್ತಿ ಮಾಡಿಯಾರು!
ಅಡವಿಟ್ಟದ್ದು ಇನ್ನೂ ಬಾರದ ಮನೆಗಂದಾಯ,
ಬರುವ ವರ್ಷದ್ದು, ಅದರಾಚೆಯದು,
ಕಸಬಾ ಪೇಠೆಯಲ್ಲಿ ಇನ್ನೂ ಹುಟ್ಟದ ಮಗು
ಒಂದು ದಿನ ಸಾಲಲ್ಲಿ ನಿಂತು ಕಟ್ಟಲಿರುವುದು.

ಕಟ್ಟಿದ ರೂಪಾಯಿ ಪಾಲಿಕೆಯ ಅಂಗೈ ಮುಟ್ಟುವುದಿಲ್ಲ.
ನೇರ ಬೇರೊಂದು ಖಾತೆಗೆ ಬೀಳುತ್ತದೆ.
ಅಲ್ಲಿ ಗಡಿಗೆಯ ಕೆಳಗೆ ಗಡಿಗೆ:
ಮೊದಲನೆಯದು ಬಡ್ಡಿಗೆ, ಅದು ತುಂಬಿ ತುಳುಕಿದರೆ ಅಸಲಿಗೆ,
ಅದೂ ತುಳುಕಿದರೆ ಕಷ್ಟಕಾಲದ ಮೀಸಲಿಗೆ,
ಆಮೇಲೆ ಉಳಿದ ಹನಿ
ಊರಿಗೆ, ಊರು ಗುಡಿಸುವವರಿಗೆ, ಬೀದಿದೀಪಕ್ಕೆ.

ಇದನ್ನು ನಾನು ಕಾಲೇಜಿನಲ್ಲಿ ಕಲಿಯಲಿಲ್ಲ.
ಅಕ್ಕಲಕೋಟೆಯ ನಮ್ಮ ಓಣಿಯಲ್ಲಿ ಹದಿನಾರು ಹೆಂಗಸರ ಭಿಶಿ,
ಬಿಸ್ಕೀಟಿನ ಡಬ್ಬಿ ಅವ್ವನ ಹತ್ತಿರ,
ಅದರ ಕೀಲಿ ಹುಸೇನಬಿಯ ಹತ್ತಿರ.
"ನನ್ನ ಮ್ಯಾಲ ನಂಬಿಕಿ ಇಲ್ಲೇನು?" ಅಂತ ಅವ್ವ ಕೇಳಿದ್ದಿಲ್ಲ.
ಕೀಲಿ ದೂರ ಇದ್ದುದಕ್ಕೇ
ಡಬ್ಬಿ ಹನ್ನೊಂದು ವರ್ಷ ಬಾಳಿತು.

ಈ ಸಲ ದೀಪಾವಳಿಗೆ ಎಂಟು ದಿನ ಇರುವಾಗ ಫೋನು.
ಕಂದಾಯ ಸೊರಗಿದೆ, ಮೀಸಲಿನ ಗಡಿಗೆ ಅರ್ಧ.
"ಮೇಡಂ, ಮೂರನೇದು ತುಂಬೋಕೆ ಮುಂಚೆ
ಸ್ವಲ್ಪ ಕೆಳಗೆ ಬಿಡಿ. ಗುಡಿಸುವವರ ಬೋನಸ್ಸು.
ಹನ್ನೊಂದೇ ದಿನ, ದೇವರಾಣೆ ತುಂಬಿಸ್ತೀವಿ."
ಕಲಂ ಒಂಬತ್ತು ನನ್ನ ಬಾಯಿಂದ ಮಾತಾಡಿತು.
ಸರಿಯಾಗಿಯೇ ಮಾತಾಡಿತು. ನಾಳೆ ಕೇಳಿದರೂ ಅದನ್ನೇ ಹೇಳುತ್ತೇನೆ:
ಒಮ್ಮೆ ತೆರೆದ ಡಬ್ಬಿಗೆ
ಮತ್ತೆ ಯಾರೂ ದುಡ್ಡು ಹಾಕುವುದಿಲ್ಲ.

ಬೋನಸ್ಸು ಬಂತು, ಭಾವುಬೀಜ ಕಳೆದ ಮಂಗಳವಾರ.
ನಮ್ಮ ಗಲ್ಲಿಯ ಕುಸುಮ್ ಲೋಂಢೆ
ನನ್ನ ಮನೆಯೆದುರಿನ ಪಟಾಕಿಯ ಕೆಂಪು ಕಾಗದ
ಗುಡಿಸಿ ಗುಡ್ಡೆ ಹಾಕುತ್ತಿದ್ದಳು.
ಅವಳಿಗೆ ನನ್ನ ಕೆಲಸ ಏನೆಂದು ಗೊತ್ತಿಲ್ಲ.
"ನೀರು ಬಂತಾ?" ಎಂದೆ. ಅವಳದು ಆ ವಸ್ತಿಯೇ.
"ಪೈಪ್ ಬಂದಿದೆ" ಎಂದಳು.

ತಮ್ಮನಿಗೆ ಜ್ವರ ಏರಿದ ರಾತ್ರಿ
ಅವ್ವ ಹುಸೇನಬಿಯ ಬಾಗಿಲು ಬಡಿದಳು.
ನಾನು ಸೆರಗು ಹಿಡಿದು ಪಕ್ಕದಲ್ಲೇ ಇದ್ದೆ.
"ಕೀಲಿ ಕೊಡಾಂಗಿಲ್ಲ, ಅದು ಹದಿನಾರು ಮಂದೀದು" ಎಂದಳು.
ಎಂದು, ಎಡಗೈಗೆ ಸಾಬೂನು ಹಚ್ಚಿ
ಇದ್ದೊಂದು ಬಂಗಾರದ ಬಳೆ ಎಳೆದು ತೆಗೆದಳು.
ಹಾಲಿನಂಥ ನೊರೆ ಇನ್ನೂ ಅಂಟಿತ್ತು ಅದಕ್ಕೆ.

ರಾತ್ರಿ ಒಬ್ಬಳೇ ಕೂತು ಕರಾರು ಮತ್ತೆ ತಿರುವಿದೆ,
ಬಳೆಯ ಕಲಂ ಎಲ್ಲಿದೆ ಎಂದು.
ನೂರಾ ನಲವತ್ತನೆಯ ಪುಟ, ಅನುಸೂಚಿ ನಾಲ್ಕು,
ಬುಡದಲ್ಲಿ ಢಮಢೇರೆಯ ಗೀಚು,
ಪಕ್ಕದಲ್ಲಿ ನನ್ನ ಹೆಬ್ಬೆರಳು ತಾಕಿದ
ಒಂದು ನೇರಳೆ ಕಲೆ.